ಮದ್ದು ಕಡಿಮೆ ಹಾಕಿದರೆ ಅಪಾಯವಿಲ್ಲವೇ? ಎಲ್ಮರ್ ಕೀತ್ ಬದುಕು ಕಲಿಸುವ ಪಾಠ

ರಿವಾಲ್ವರ್ ತೋಟಾದ ಬಿರುಸು ತಗ್ಗಬೇಕೆಂದರೆ ಮದ್ದು ಕಡಿಮೆ ಹಾಕಿದರಾಯಿತು, ಅದರಲ್ಲಿ ಅಪಾಯವೇನೂ ಇಲ್ಲ ಎಂದು ಹಲವರು ನಂಬಿದ್ದಾರೆ. ಇದು ಅರ್ಧಸತ್ಯ. ಇದನ್ನು ಅರ್ಥಮಾಡಿಕೊಳ್ಳಲು ನಾವು ಮ್ಯಾಗ್ನಮ್ ರಿವಾಲ್ವರ್‌ಗಳ ಇತಿಹಾಸದಲ್ಲಿ ದೊಡ್ಡ ಹೆಸರಾದ ಅಮೆರಿಕದ ಎಲ್ಮರ್ ಕೀತ್ ಅವರ ಬದುಕನ್ನು ನೋಡೋಣ.

ಕೀತ್ ಹುಟ್ಟಿದ್ದು 1899ರಲ್ಲಿ, ಮಿಸೌರಿ ರಾಜ್ಯದಲ್ಲಿ. ಬಾಲ್ಯದಲ್ಲಿ ಮೊಂಟಾನಾದ ಬೆಂಕಿ ಅನಾಹುತವೊಂದರಲ್ಲಿ ಸಿಲುಕಿ ತೀವ್ರವಾಗಿ ಸುಟ್ಟುಕೊಂಡರು. ಮುಂದೆ ಐಡಹೊದಲ್ಲಿ ದನ ಸಾಕುತ್ತ, ಬೇಟೆಗಾರರಿಗೆ ದಾರಿ ತೋರಿಸುತ್ತ ಬದುಕಿದರು. ಖಾಲಿ ತೋಟಾಗಳಿಗೆ ಮದ್ದು ಮತ್ತು ಗುಂಡನ್ನು ತಾವೇ ತುಂಬಿ ಮತ್ತೆ ಬಳಸುವುದು, ಅಂದರೆ ಹ್ಯಾಂಡ್‌ಲೋಡಿಂಗ್, ಅವರ ಹುಚ್ಚು.

1925ರ ಜುಲೈ 4ರಂದು ರೈಫಲ್‌ನ ಭಾರದ ಗುಂಡು ಮತ್ತು ಕಪ್ಪು ಮದ್ದು ತುಂಬಿದ ತೋಟಾ ಹಾರಿಸುವಾಗ ಅವರ .45 ಕೋಲ್ಟ್ ರಿವಾಲ್ವರ್ ಸಿಡಿಯಿತು. ಆಮೇಲೆ ಅವರು .44 ಸ್ಪೆಷಲ್ ಕಡೆ ತಿರುಗಿದರು. ಅದರ ತೋಟಾ ಸಣ್ಣದು, ಹಾಗಾಗಿ ಸಿಲಿಂಡರ್‌ನಲ್ಲಿ ಅದರ ಸುತ್ತ ಉಳಿಯುವ ಉಕ್ಕು ಹೆಚ್ಚು.

ಅವರಿಗೆ ಮುಂದೆ ಒದಗಿದ್ದು ಹರ್ಕ್ಯುಲಿಸ್ ಕಂಪನಿಯ 2400 ಎಂಬ ಮದ್ದು. ಒಣಹುಲ್ಲು ಭಗ್ಗನೆ ಉರಿದರೆ ಕಟ್ಟಿಗೆ ನಿಧಾನವಾಗಿ ಉರಿಯುತ್ತದಲ್ಲವೇ? ಮದ್ದುಗಳಲ್ಲೂ ಹೀಗೆಯೇ. ಬೇಗ ಉರಿಯುವ ಮದ್ದು ಒತ್ತಡವನ್ನು ಒಮ್ಮೆಲೇ ಏರಿಸುತ್ತದೆ. ನಿಧಾನದ ಮದ್ದು ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುತ್ತದೆ. ಭಾರದ ಗುಂಡಿಗೆ ಕೀತ್ ಆರಿಸಿದ್ದು ಈ ಎರಡನೆಯದನ್ನು.

1935ರಲ್ಲಿ .357 ಮ್ಯಾಗ್ನಮ್ ಬಂತು. ಕೀತ್ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಬರೆದು ಒತ್ತಾಯಿಸಿದ ಮೇಲೆ, 1950ರ ದಶಕದ ನಡುವೆ ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ ಕಂಪನಿಗಳು .44 ಮ್ಯಾಗ್ನಮ್ ಹೊರತಂದವು. ಹಳೆಯ .44 ಸ್ಪೆಷಲ್ ರಿವಾಲ್ವರ್‌ಗೆ ತಪ್ಪಿಯೂ ಹಿಡಿಯದಂತೆ ಇದರ ತೋಟಾವನ್ನು ಸುಮಾರು 3 ಮಿಲಿಮೀಟರ್ ಉದ್ದ ಮಾಡಲಾಗಿತ್ತು.

ಈಗ ನಮ್ಮ ಪ್ರಶ್ನೆಗೆ ಬರೋಣ. ದೊಡ್ಡ ಮ್ಯಾಗ್ನಮ್ ತೋಟಾದಲ್ಲಿ ಮಧ್ಯಮ ಬಿರುಸು ಬೇಕೆಂದರೆ? ಎಚ್110ರಂಥ ನಿಧಾನದ ಮದ್ದನ್ನು ಕಡಿಮೆ ಮಾಡಿದರೆ ಅದು ಸರಿಯಾಗಿ ಉರಿಯದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಆಗ ಇನ್ನೊಂದು ಗುಂಡು ಹಾರಿಸಿದರೆ ನಳಿಗೆಯೇ ಸಿಡಿಯಬಹುದು. ಬುಲ್ಸ್‌ಐಯಂಥ ಬೇಗ ಉರಿಯುವ ಮದ್ದು ಚಿಟಿಕೆಯಷ್ಟೇ ಸಾಕು. ಆದರೆ ಕೈತಪ್ಪಿ ಎರಡು ಸಲ ಸುರಿದರೂ ತೋಟಾ ತುಂಬಿ ಚೆಲ್ಲುವುದಿಲ್ಲ, ತಪ್ಪು ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದಲೇ ಮಧ್ಯಮ ಬಿರುಸಿಗೆ ಯುನೀಕ್‌ನಂಥ ನಡುವೇಗದ ಮದ್ದು ಹೆಚ್ಚು ಹೊಂದುತ್ತದೆ. ಅತಿಯಾದರೆ ಅಮೃತವೂ ವಿಷ ಎನ್ನುತ್ತೇವೆ. ಇಲ್ಲಿ ತೀರಾ ಕಡಿಮೆಯಾದರೂ ಕಷ್ಟವೇ.

ಹಾಗಾದರೆ ಕೀತ್ ಬರೆದಿಟ್ಟ ಅಳತೆಗಳನ್ನೇ ಇಂದು ಬಳಸಬಹುದೇ? ಬೇಡ. ಅವರು ಮೊದಲು ಬಳಸಿದ ತೋಟಾಗಳ ತಳದಲ್ಲಿ ಟೊಳ್ಳು ಜಾಗವಿತ್ತು. ಗಟ್ಟಿ ತಳದ ತೋಟಾಗಳು ಬಂದಾಗ ಒಳಜಾಗ ಕಡಿಮೆಯಾಗಿ ಒತ್ತಡ ಹೆಚ್ಚುವುದರಿಂದ ಕೀತ್ ಅವರೇ ಮದ್ದಿನ ಪ್ರಮಾಣ ಇಳಿಸಿದರು. ಹಾಗಾಗಿ ಇಂದಿನ ಮದ್ದಿಗೆ ಅದರ ತಯಾರಕರು ಪ್ರಕಟಿಸುವ ಇಂದಿನ ಕೋಷ್ಟಕವೇ ಆಧಾರ. ಅದರಲ್ಲಿ ಕನಿಷ್ಠ ಮಿತಿಯಿದ್ದರೆ ಗರಿಷ್ಠ ಮಿತಿಯಂತೆ ಅದನ್ನೂ ಮೀರಬಾರದು.

1981ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಕೀತ್ 1984ರಲ್ಲಿ ತೀರಿಕೊಂಡರು. ಭಾರೀ ಬಿರುಸಿನ ತೋಟಾಗಳಿಗೆ ಹೆಸರಾದ ಅವರ ಬದುಕಿನಲ್ಲಿ ಮಧ್ಯಮ ಬಿರುಸಿಗೂ ಪಾಠವಿದೆ: ಮದ್ದು ಎಷ್ಟು ಎಂದು ಕೇಳುವ ಮೊದಲು ಯಾವ ಮದ್ದು, ಯಾವ ತೋಟಾಕ್ಕೆ ಎಂದು ಕೇಳಬೇಕು.