ಗುರ್ಲಹೊಸೂರಿನ ಲಕ್ಷ್ಮಣರಾಯರು ಮತ್ತು ನಮ್ಮ ಮನೆಯ ಕಣಕಿ ಮಷೀನು



ನಾನು ರಾಮದುರ್ಗ ತಾಲೂಕಿನ ಹಳ್ಳಿಯವನು. ಬೈಲಹೊಂಗಲದಲ್ಲಿ ಖಾಲಾ ಅವರ ಮನೆಯಲ್ಲಿದ್ದು ನಮ್ಮ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಹಬ್ಬಕ್ಕೋ ರಜೆಗೋ ಊರಿಗೆ ಹೋಗುವಾಗ ಸವದತ್ತಿಯಲ್ಲಿ ಬಸ್ಸು ಬದಲಿಸುತ್ತೇನೆ. ಎರಡು ವರ್ಷ ಹೀಗೆ ಓಡಾಡಿದರೂ, ನಮ್ಮ ಮನೆಯ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಒಂದು ಯಂತ್ರಕ್ಕೂ ಸವದತ್ತಿ ತಾಲೂಕಿನ ಗುರ್ಲಹೊಸೂರಿಗೂ ಏನಾದರೂ ಸಂಬಂಧ ಇರಬಹುದು ಎಂದು ನನಗೆ ಹೊಳೆದಿರಲಿಲ್ಲ.

ಆ ಯಂತ್ರ ಕಣಕಿ ಕತ್ತರಿಸುವ ಕೈಮಷೀನು. ನಮ್ಮ ದಾದಾ ತಂದದ್ದು. ದೊಡ್ಡ ಗಾಲಿ, ಗಾಲಿಗೆ ಎರಡು ಬ್ಲೇಡು, ತಿರುಗಿಸಲು ಒಂದು ಹಿಡಿಕೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆಯ ಊರುಗಳಿಗೆ ನೀರು ನುಗ್ಗಿದಾಗ ನಾನು ಆರನೇ ತರಗತಿಯಲ್ಲಿದ್ದೆ. ನೀರು ಇಳಿದ ಮೇಲೆ ಮನೆಯವರು ಗೋಡೆ, ಕಾಳು, ಹಾಸಿಗೆ ನೋಡಿಕೊಂಡರು. ಮಷೀನು ಕೆಸರು ಮೆತ್ತಿಕೊಂಡೇ ಉಳಿಯಿತು. ಕೆಲವೇ ದಿನಗಳಲ್ಲಿ ಕೆಂಪಾಯಿತು, ಮುಂದಿನ ಮಳೆಗಾಲದ ಹೊತ್ತಿಗೆ ಗಾಲಿಯೇ ತಿರುಗದಾಯಿತು. ಅಂದಿನಿಂದ ಅಮ್ಮಿ ಎರಡು ಎಮ್ಮೆಗಳಿಗೆ ಕೊಯ್ತದಿಂದಲೇ ಕಣಕಿ ಕಡಿಯುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಅವರ ಎಡಗೈ ಬೆರಳಿಗೆ ಏಟು ಬಿತ್ತು, ನಾಲ್ಕು ಹೊಲಿಗೆ ಹಾಕಿಸಬೇಕಾಯಿತು. ಅದೇ ವಾರ ಗುಜರಿಯವನು ಊರಿಗೆ ಬಂದ. ಮಷೀನು ಕೊಟ್ಟುಬಿಡೋಣ ಎಂದು ಅಬ್ಬಾ ಅವರಿಗೆ ಮೊದಲು ಹೇಳಿದವನು ನಾನೇ. ಆ ದುಡ್ಡಿನಲ್ಲಿ ಸಿಇಟಿ ಪುಸ್ತಕ ಕೊಳ್ಳುವ ಆಸೆ ನನಗಿತ್ತು. ದಾದಿ ಒಪ್ಪಲಿಲ್ಲ. ಕೊಡುವುದಾದರೆ ಮುಂದಿನ ಸಲ ನೋಡೋಣ ಎಂದು ಗುಜರಿಯವನನ್ನು ಕಳಿಸಿಬಿಟ್ಟರು.

ಆ ರಜೆಯಲ್ಲೇ ನಾನು ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಜೀವನ ಓದಿದೆ. ಕಿರ್ಲೋಸ್ಕರ್ ಎಂಬ ಹೆಸರನ್ನು ನಾವೆಲ್ಲ ನೀರೆತ್ತುವ ಪಂಪಿನ ಮೇಲೆ ನೋಡಿದ್ದೇವೆ. ಆ ಹೆಸರಿನ ಮನುಷ್ಯ ಹುಟ್ಟಿದ್ದು ನಮ್ಮ ಪಕ್ಕದ ಗುರ್ಲಹೊಸೂರಿನಲ್ಲಿ, 1869ರ ಜೂನ್ 20ರಂದು ಎಂಬುದು ನನಗೆ ಗೊತ್ತಿರಲಿಲ್ಲ. ಮರಾಠಿ ಸಂಗೀತ ನಾಟಕಕ್ಕೆ ಹೆಸರಾದ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಅದೇ ಊರಿನವರು. ಅವರು ಬೇರೆ, ಇವರು ಬೇರೆ.

ಲಕ್ಷ್ಮಣರಾಯರ ತಂದೆ ಕಾಶಿನಾಥಪಂತರು ವೇದಾಂತ ಬಲ್ಲವರು. ಮಗನೂ ಅದೇ ದಾರಿ ಹಿಡಿಯಲಿ ಎಂಬುದು ಅವರ ಇಚ್ಛೆ. ಹುಡುಗನ ಮನಸ್ಸು ಮಾತ್ರ ಚಿತ್ರ ಬರೆಯುವುದರಲ್ಲಿ, ಯಂತ್ರ ಬಿಚ್ಚಿ ನೋಡುವುದರಲ್ಲಿ ಇತ್ತು. 1885ರಲ್ಲಿ, ಅಣ್ಣ ರಾಮುಅಣ್ಣನ ನೆರವಿನಿಂದ ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಎರಡು ವರ್ಷ ಕಲಿತ ಮೇಲೆ ಅವರಿಗೆ ಕೆಲವು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ ಎಂದು ತಿಳಿದುಬಂತು. ಚಿತ್ರಕಾರನಾಗುವ ಕನಸು ಅಲ್ಲಿಗೆ ಮುಗಿಯಿತು. ಅವರು ಊರಿಗೆ ಮರಳಲಿಲ್ಲ. ಬಣ್ಣ ಬೇಡದ ಚಿತ್ರ ಯಾವುದು ಎಂದು ಹುಡುಕಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಮುಂಬೈಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು. ಬಿಡುವಿನಲ್ಲಿ ಅಲ್ಲಿನ ಕಾರ್ಖಾನೆಯಲ್ಲಿ ಯಂತ್ರಗಳ ಕೆಲಸವನ್ನೂ ಕೈಯಾರೆ ಕಲಿತರು.

ಆ ದಿನಗಳಲ್ಲಿ ಸೈಕಲ್ಲು ಅಪರೂಪದ ವಸ್ತು. ಲಕ್ಷ್ಮಣರಾಯರು ಮುಂಬೈಯಿಂದ ಸೈಕಲ್ಲು ಕಳಿಸುವುದು, ರಾಮುಅಣ್ಣ ಬೆಳಗಾವಿಯಲ್ಲಿ ಮಾರುವುದು, ಕೊಂಡವರಿಗೆ 15 ರೂಪಾಯಿ ಪಡೆದು ಹೊಡೆಯಲು ಕಲಿಸುವುದು ಹೀಗೆ ಅಣ್ಣತಮ್ಮಂದಿರ ಅಂಗಡಿ ಶುರುವಾಯಿತು. ಕಿರ್ಲೋಸ್ಕರ್ ಸಮೂಹ ಇಂದಿಗೂ ತನ್ನ ಹುಟ್ಟನ್ನು 1888 ಎಂದು ಎಣಿಸುತ್ತದೆ. ಮುಂದೆ ಇನ್‌ಸ್ಟಿಟ್ಯೂಟ್‌ನಲ್ಲಿ ತಮಗೆ ಸಿಗಬೇಕಾದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನರಿಗೆ ಸಿಕ್ಕಾಗ ಲಕ್ಷ್ಮಣರಾಯರು ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಸಣ್ಣ ಕಾರ್ಖಾನೆ ಹಾಕಿ, ರೈತರಿಗೆ ಬೇಕಾಗುವ ಕಬ್ಬಿಣದ ಸಾಮಾನು ಮಾಡತೊಡಗಿದರು. ಅವರು ಮೊದಲು ತಯಾರಿಸಿದ ವಸ್ತು ಯಾವುದು ಗೊತ್ತೇ? ಮೇವು ಕತ್ತರಿಸುವ ಕೈಯಂತ್ರ. ನಮ್ಮ ಮನೆಯ ಹಿಂದೆ ಬಿದ್ದಿತ್ತಲ್ಲ, ಅಂಥದೇ ಕೆಲಸದ ಯಂತ್ರ.

ಮುಂದೆ 1903ರಲ್ಲಿ ಅವರು ಕಬ್ಬಿಣದ ನೇಗಿಲು ಮಾಡಿದರು. ಆದರೆ ಕೊಳ್ಳುವವರಿಲ್ಲ. ಕಬ್ಬಿಣ ಮಣ್ಣಿಗೆ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ಭಯ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ನಮ್ಮ ರಸಾಯನಶಾಸ್ತ್ರದ ವಿದ್ಯುತ್ ರಸಾಯನ ಪಾಠದಲ್ಲಿ ತುಕ್ಕಿನ ವಿಷಯ ಬರುತ್ತದೆ. ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಒಟ್ಟಿಗೆ ಸಿಕ್ಕರೆ ಅದು ಎಲೆಕ್ಟ್ರಾನ್ ಕಳೆದುಕೊಂಡು ಕೊನೆಗೆ ನೀರುಗೂಡಿದ ಫೆರಿಕ್ ಆಕ್ಸೈಡ್ ಆಗುತ್ತದೆ. ಎರಡರಲ್ಲಿ ಒಂದನ್ನು ತಡೆದರೂ ತುಕ್ಕಿಲ್ಲ. ತುಕ್ಕು ಮಣ್ಣಿಗೆ ವಿಷವಲ್ಲ, ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ ಆಕ್ಸೈಡಿನಿಂದ ಬಂದದ್ದು. ಹಾಳಾಗುವುದು ಕಬ್ಬಿಣವೇ. ತುಕ್ಕಿನ ಪದರ ಸಡಿಲವಾಗಿ ಉದುರುತ್ತದೆ, ಒಳಗಿನ ಹೊಸ ಕಬ್ಬಿಣ ಮತ್ತೆ ಗಾಳಿ ನೀರಿಗೆ ಬಯಲಾಗುತ್ತದೆ. ನಿಲ್ಲಿಸದಿದ್ದರೆ ಅದು ತಾನಾಗಿ ನಿಲ್ಲುವುದಿಲ್ಲ. ಪಾಠದ ಪ್ರಶ್ನೆಗೆ ಉತ್ತರ ಬರೆದು ಪೂರ್ತಿ ಅಂಕ ಪಡೆದಿದ್ದೆ. ಮನೆಯ ಹಿಂದಿನ ಮಷೀನಿಗೆ ಮಾತ್ರ ಆ ಪಾಠ ಒಮ್ಮೆಯೂ ನೆನಪಾಗಿರಲಿಲ್ಲ.

ಮರುದಿನ ಅಬ್ಬಾ ಅವರ ಜೊತೆ ಕೆಲಸಕ್ಕೆ ಇಳಿದೆ. ಮೊದಲು ಗಾಲಿ ಏಕಾಏಕಿ ತಿರುಗದಂತೆ ಹಗ್ಗದಿಂದ ಬಿಗಿದು ಕಟ್ಟಿದೆವು. ಇದನ್ನು ಯಾರೂ ಮರೆಯಬಾರದು, ಈ ಮಷೀನಿನಲ್ಲಿ ಬೆರಳು ಕಳೆದುಕೊಂಡವರಿದ್ದಾರೆ. ಗಟ್ಟಿ ಕೈಗವಸು ಹಾಕಿಕೊಂಡೆವು. ಒಣಗಿದ ಕೆಸರನ್ನು ಕೆರೆದು ತೆಗೆದು, ಹಿಡಿದುಕೊಂಡಿದ್ದ ನಟ್ಟು ಬೋಲ್ಟಿಗೆ ಡೀಸೆಲ್ ಬಿಟ್ಟು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆಯೂ ಎರಡು ಬೋಲ್ಟು ಜಗ್ಗಲಿಲ್ಲ. ನಾನು ಸುತ್ತಿಗೆ ಎತ್ತಿದೆ, ಅಬ್ಬಾ ತಡೆದರು. ಗಾಲಿ ಎರಕದ ಕಬ್ಬಿಣದ್ದು, ಜೋರಾಗಿ ಬಡಿದರೆ ಬಾಗುವುದಿಲ್ಲ, ಸೀಳುತ್ತದೆ. ಮತ್ತೆ ಡೀಸೆಲ್ ಬಿಟ್ಟು ಇನ್ನೊಂದು ದಿನ ಕಾದೆವು.

ಬ್ಲೇಡು ಬಿಚ್ಚಿದ ಮೇಲೆ ದಾದಿ ಹುಣಸೆ ನೀರು ಕಲಸಿ ಕೊಟ್ಟರು. ತಾಮ್ರದ ಕೊಡ ತಿಕ್ಕುವುದು ಹುಣಸೆಯಿಂದಲೇ ಅಲ್ಲವೇ? ಹುಳಿಯಲ್ಲಿರುವ ಆಮ್ಲ ತುಕ್ಕನ್ನೂ ಕರಗಿಸುತ್ತದೆ. ವಿನೆಗರ್ ಅಥವಾ ನಿಂಬೆರಸವೂ ಆದೀತು. ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ತಂತಿ ಬ್ರಷ್ಷಿನಿಂದ ತಿಕ್ಕಿದರೆ ತುಕ್ಕು ಕಪ್ಪು ನೀರಾಗಿ ಇಳಿಯಿತು. ಬಹಳ ದಿನ ನೆನೆಸಬಾರದು, ತುಕ್ಕು ಮುಗಿದ ಮೇಲೆ ಆಮ್ಲ ಒಳ್ಳೆಯ ಕಬ್ಬಿಣವನ್ನೇ ತಿನ್ನತೊಡಗುತ್ತದೆ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಉಳಿದ ಹುಳಿ ತೆಗೆಯಬೇಕು, ತಕ್ಷಣ ಒರೆಸಿ ಒಣಗಿಸಬೇಕು. ಇಲ್ಲಿ ನಾನು ತಪ್ಪು ಮಾಡಿದೆ. ತೊಳೆದ ಮೊದಲ ಬ್ಲೇಡನ್ನು ಒದ್ದೆಯಾಗಿಯೇ ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಮತ್ತೆ ಕಿತ್ತಳೆ ಬಣ್ಣದ ಪುಡಿ ಕೂತಿತ್ತು!

ಕೆಲಸ ಒಂದು ವಾರ ಹಿಡಿಯಿತು. ದಿನಾ ಸಂಜೆ ಲಕ್ಷ್ಮಣರಾಯರ ಕಥೆ ಮುಂದುವರಿಸುತ್ತಿದ್ದೆ. ಅವರ ಕಾರ್ಖಾನೆ ನೆಲೆ ನಿಂತಿತು ಎನ್ನುವಾಗ, ಬೆಳಗಾವಿ ಪುರಸಭೆಯು ಹೊಸ ಬಡಾವಣೆಗಾಗಿ ಜಾಗ ಬಿಡಲು ನೋಟಿಸು ಕೊಟ್ಟಿತು. ಆಗ ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಾಗವನ್ನೂ ಸಾಲವನ್ನೂ ಕೊಟ್ಟರು. ಜಾಗವೆಂದರೆ ಪಾಪಾಸುಕಳ್ಳಿ ಮತ್ತು ಹಾವುಗಳಿದ್ದ ಬರಡು ನೆಲ. 1910ರಲ್ಲಿ 25 ಕಾರ್ಮಿಕರು ಮತ್ತು ಅವರ ಕುಟುಂಬಗಳೊಂದಿಗೆ ಅಲ್ಲಿಗೆ ಹೋಗಿ, ನೆಲ ಹಸನುಮಾಡಿ ಕಾರ್ಖಾನೆ ಮತ್ತು ಊರು ಎರಡನ್ನೂ ಕಟ್ಟಿದರು. ಅದೇ ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಆ ಊರಿನಲ್ಲಿ ಅಸ್ಪೃಶ್ಯತೆಗೆ ಜಾಗವಿರಬಾರದು ಎಂದು ಅವರು ಹಟ ಹಿಡಿದರು. ಜೈಲಿನಲ್ಲಿ ಶಿಕ್ಷೆ ಮುಗಿಸಿ ಬಂದವರನ್ನು ಯಾರೂ ಮನೆಯ ಹತ್ತಿರಕ್ಕೂ ಬಿಟ್ಟುಕೊಳ್ಳದ ಕಾಲದಲ್ಲಿ, ಅಂಥವರನ್ನೇ ರಾತ್ರಿಯ ಕಾವಲಿಗೆ ಇಟ್ಟುಕೊಂಡರು. ಎಲ್ಲರೂ ಬೇಡವೆಂದವರ ಕೈಗೆ ಊರಿನ ಕಾವಲು ಕೊಡುವುದು ಸಣ್ಣ ಮಾತಲ್ಲ. ಇದನ್ನು ಓದಿದ ದಿನ ನನಗೆ ಗುಜರಿಯವನ ತಕ್ಕಡಿ ನೆನಪಾಗಿ ನಾಚಿಕೆಯಾಯಿತು.

ಆಮೇಲಿನ ಕಥೆ ಬಹಳ ಜನಕ್ಕೆ ಗೊತ್ತು. ನೇಗಿಲು, ಪಂಪು ಹೀಗೆ ಒಂದರ ಹಿಂದೆ ಒಂದು ಯಂತ್ರಗಳು ಬಂದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, ಭಾರತ ಸರ್ಕಾರ ಅವರ ಅಂಚೆಚೀಟಿ ಹೊರಡಿಸಿತು. ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ್ ರಸ್ತೆ ಇದೆ.

ನಮ್ಮ ಮಷೀನು ಏನಾಯಿತು? ಒಂದು ಬ್ಲೇಡು ಉಳಿಯಿತು. ಅದನ್ನು ಕಂಬಾರರಲ್ಲಿ ಹದ ಹಿಡಿಸಿದೆವು. ಇನ್ನೊಂದರಲ್ಲಿ ತುಕ್ಕು ಆಳವಾಗಿ ಕುಳಿ ಕೊರೆದಿತ್ತು. ಅಂಥ ಬ್ಲೇಡು ಕೆಲಸದ ನಡುವೆ ಮುರಿದು ಹಾರಬಹುದು, ಆದ್ದರಿಂದ ರಾಮದುರ್ಗದ ಪೇಟೆಯಿಂದ ಹೊಸದು ತಂದೆವು. ಕಾಲು, ಚೌಕಟ್ಟು, ಗಾಲಿಗೆ ಪಾಲಿಷ್ ಪೇಪರು ತಿಕ್ಕಿ ಮೊದಲು ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಹಸಿರು ಬಣ್ಣ ಹಚ್ಚಿದೆವು. ಹಲ್ಲುಗಾಲಿಗೆ ಗ್ರೀಸು. ಬ್ಲೇಡಿನ ಬಾಯಿಗೆ ಬಣ್ಣ ನಿಲ್ಲುವುದಿಲ್ಲ, ಗ್ರೀಸು ಹಚ್ಚಿದರೆ ಮೇವಿನ ಜೊತೆ ಎಮ್ಮೆಯ ಹೊಟ್ಟೆಗೆ ಹೋಗುತ್ತದೆ. ಅದಕ್ಕೆ ಅಡುಗೆ ಎಣ್ಣೆಯನ್ನೇ ಬಟ್ಟೆಯಲ್ಲಿ ತೆಳ್ಳಗೆ ಸವರುತ್ತೇವೆ. ಕೆರೆಯುವಾಗ ಗಾಲಿಯ ಮೇಲೆ ಅಕ್ಷರ ಕಂಡಂತಾಗಿ ನನಗೆ ಆಸೆ ಹುಟ್ಟಿತು, ಕಿರ್ಲೋಸ್ಕರ್ ಎಂದು ಇದ್ದೀತೇ ಎಂದು. ಒಂದು ನಂಬರು ಮಾತ್ರ ಇತ್ತು. ಯಾರು ಮಾಡಿದ್ದೋ ತಿಳಿಯಲಿಲ್ಲ. ಈಗ ಅಮ್ಮಿ ಕೊಯ್ತ ಮುಟ್ಟುವುದಿಲ್ಲ. ಅಬ್ಬಾ ತಿರುಗಿಸುತ್ತಾರೆ, ಅಮ್ಮಿ ಕಣಕಿ ಕೊಡುತ್ತಾರೆ, ಕೈ ದೂರವೇ ಇರುತ್ತದೆ.

ಇದನ್ನೆಲ್ಲ ಇಲ್ಲಿ ಬರೆಯಲು ಒಂದು ಕಾರಣವಿದೆ. ನಮ್ಮ ಕಾಲೇಜಿನ ಸ್ಟೋರ್ ರೂಮಿನಲ್ಲಿ ಹುಲ್ಲು ಕತ್ತರಿಸುವ ಪೆಟ್ರೋಲ್ ಮಷೀನು ಒಂದಿದೆ. ಮಳೆಗಾಲದಲ್ಲಿ ಮೈದಾನದ ಹಸಿ ಹುಲ್ಲು ಕತ್ತರಿಸಿ ಹಾಗೇ ಒಳಗೆ ತಳ್ಳಿದ್ದೇವೆ. ತಳಭಾಗದಲ್ಲಿ ಅಂಟಿಕೊಂಡ ಹುಲ್ಲು ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು ಅಲ್ಲಿಂದಲೇ ತುಕ್ಕು ಶುರುವಾಗಿದೆ. ಗುಜರಿಗೆ ಹಾಕುವ ಮಾತು ಈಗಾಗಲೇ ಕೇಳಿಬಂದಿದೆ. ರಸಾಯನಶಾಸ್ತ್ರದ ಸರ್ ಅವರನ್ನು ಕೇಳಿದೆ, ಒಮ್ಮೆ ಪ್ರಯತ್ನಿಸಿ ನೋಡಲು ಒಪ್ಪಿದ್ದಾರೆ. ಸ್ಪಾರ್ಕ್ ಪ್ಲಗ್ಗಿನ ವಯರು ಕಳಚದೆ, ಪೆಟ್ರೋಲ್ ಖಾಲಿ ಮಾಡದೆ ಅದನ್ನು ಮಗ್ಗುಲಾಗಿಸುವಂತಿಲ್ಲ. ಆ ಕೆಲಸ ಸರ್ ಅವರೇ ನೋಡಿಕೊಳ್ಳುತ್ತಾರೆ. ತಿಕ್ಕುವುದು, ಒಣಗಿಸುವುದು, ಎಣ್ಣೆ ಹಚ್ಚುವುದು ನಮ್ಮ ಪಾಲು.

ಮುಂದೆ ಪ್ರತಿ ಸಲ ಹುಲ್ಲು ಕತ್ತರಿಸಿದ ಮೇಲೆ ಹತ್ತು ನಿಮಿಷ ಕೊಟ್ಟರೆ ಸಾಕು. ಅಂಟಿದ ಹುಲ್ಲು ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಹಸಿ ನೆಲದ ಮೇಲಲ್ಲದೆ ಹಲಗೆಯ ಮೇಲೆ ನಿಲ್ಲಿಸಬೇಕು. ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಬಾರದು, ಒಳಗೆ ತೇವ ಕೂರುತ್ತದೆ. ಮಳೆ ಹೆಚ್ಚಿರುವ ಕಿತ್ತೂರು ಕಡೆಯ ಗೆಳೆಯರು ತಮ್ಮ ಮನೆಯ ಕುಡಗೋಲು, ಸಲಿಕೆ, ಗುದ್ದಲಿಗಳಿಗೂ ಹೀಗೆಯೇ ಮಾಡಬಹುದು. ಕೈಗೆ ಗಾಯವಾದರೆ ತೊಳೆದು ವೈದ್ಯರಿಗೆ ತೋರಿಸಿ. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು ಸಗಣಿಯಲ್ಲಿರುವ ಸೂಕ್ಷ್ಮಜೀವಿಯಿಂದ. ಹಾಗೆಂದು ಚುಚ್ಚುಮದ್ದು ತಪ್ಪಿಸಬೇಡಿ.

ಬರುವ ಶನಿವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ಸ್ಟೋರ್ ರೂಮಿನ ಮುಂದೆ ಸೇರೋಣ. ಒಂದು ಹಳೆಯ ಬ್ರಷ್ಷು, ಒಂದು ಹಳೆಯ ಬಟ್ಟೆ ತನ್ನಿ. ಹುಣಸೆಹಣ್ಣು ದಾದಿ ಕಳಿಸಿಕೊಟ್ಟಿದ್ದಾರೆ.