ರಾಬರ್ಟ್ ಬ್ರೂಸ್ ಫುಟ್ ಸಾಹೇಬರು

ಚಿತ್ರದುರ್ಗದಿಂದ ಮೂಡಲಿಗೆ ಚಳ್ಳಕೆರೆಗೂ, ಅಲ್ಲಿಂದ ಬಡಗಲಿಗೆ ರೇಷ್ಮೆ ಸೀರೆಗಳಿಗೆ ಹೆಸರಾದ ಮೊಳಕಾಲ್ಮೂರಿಗೂ ಪ್ರಯಾಣಮಾಡುವವರಿಗೆ ದಾರಿಯ ಇಕ್ಕೆಲದಲ್ಲಿಯೂ ಕಾಣುವುದು ಬಯಲು, ಕುರಿಹಿಂಡು, ಕಡಲೆಕಾಯಿಯ ಹೊಲ, ಕೊನೆಗೆ ಗುಂಡುಬಂಡೆಗಳ ಗುಡ್ಡ. ಮಳೆ ಬಹಳ ಕಡಮೆ. ಈ ಸೀಮೆಯಲ್ಲಿ ನೋಡತಕ್ಕದ್ದೇನೂ ಇಲ್ಲವೆಂದು ಹೇಳಿಬಿಡುವವರೇ ಹೆಚ್ಚು. ಆದರೆ ಇಲ್ಲಿಯ ಕಲ್ಲುಗಳ ಚರಿತ್ರೆಯ ಮುಂದೆ ರಾಜರ ಚರಿತ್ರೆಗಳೆಲ್ಲ ನಿನ್ನೆಯವು. ಆ ಕಲ್ಲುಗಳ ಸಾಲುಗಳನ್ನು ವಿಂಗಡಿಸಿ ಹೆಸರಿಟ್ಟ ರಾಬರ್ಟ್ ಬ್ರೂಸ್ ಫುಟ್ ಸಾಹೇಬರ ಜೀವಿತವನ್ನು ನಮ್ಮ ವಿದ್ಯಾರ್ಥಿನಿಯರು ತಿಳಿದಿರುವುದು ಯುಕ್ತವಾಗಿದೆ.

ಫುಟ್ ಸಾಹೇಬರು ೧೮೩೪ನೆಯ ಇಸವಿಯಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಹುಟ್ಟಿದರು. ೧೮೫೮ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಭಾರತದ ಭೂಗರ್ಭ ಶೋಧನ ಇಲಾಖೆಯನ್ನು ಸೇರಿ ಮದರಾಸಿಗೆ ಬಂದರು. ತಮಿಳು ಭಾಷೆಯಲ್ಲಿ ವಿದ್ವಾಂಸರೂ, ಬಹುಕಾಲ ಜಾಫ್ನಾದಲ್ಲಿ ಮಿಷನರಿಗಳೂ ಆಗಿದ್ದ ಪೀಟರ್ ಪರ್ಸಿವಲ್ ಪಾದ್ರಿಗಳ ಮಗಳನ್ನು ವಿವಾಹವಾದರು. ೧೮೬೩ನೆಯ ಮೇ ೩೦ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಮಣ್ಣಿನೊಳಗಿಂದ ಅವರಿಗೆ ಒಂದು ಕಲ್ಲು ದೊರೆಯಿತು. ಅದು ನೀರು ಉರುಳಿಸಿದ ಕಲ್ಲಲ್ಲ, ಮನುಷ್ಯನ ಕೈ ಒಡೆದು ರೂಪಿಸಿದ ಕೊಡಲಿಯೆಂದು ಅವರು ಒಡನೆಯೇ ಗುರುತಿಸಿದರು. ಭಾರತದಲ್ಲಿ ಹಳೆಯ ಶಿಲಾಯುಗದ ಮನುಷ್ಯನಿದ್ದನೆಂಬುದು ಅಂದಿನಿಂದ ಸಿದ್ಧವಾಯಿತು. ಈ ಒಂದು ಸಂಗತಿಯಿಂದಲೇ ಅವರ ಹೆಸರು ಲೋಕಪ್ರಸಿದ್ಧವಾಗಿದೆ; ಆದರೂ ಕನ್ನಡ ನಾಡಿಗೆ ಅವರು ಮಾಡಿದ ಉಪಕಾರ ಇದಕ್ಕೆ ಕಡಮೆಯದಲ್ಲವೆಂದು ಈ ಲೇಖಕಿಯ ಎಣಿಕೆ.

ದಕ್ಷಿಣ ಮಹಾರಾಷ್ಟ್ರ ಸೀಮೆ, ಧಾರವಾಡ, ಬಳ್ಳಾರಿ, ಮೈಸೂರು ಈ ಪ್ರಾಂತಗಳನ್ನು ಅವರು ವರ್ಷಗಟ್ಟಲೆ ತಿರುಗಿ ನೋಡಿದರು. ತೆಳ್ಳನೆಯ ಪದರುಗಳುಳ್ಳ ಕರಿ-ಹಸುರು ಶಿಲೆಗಳೂ, ಕಬ್ಬಿಣದ ಕಲ್ಲಿನ ಪಟ್ಟೆಗಳೂ ಕೂಡಿದ ಉದ್ದನೆಯ ಸಾಲುಗಳು ತೆಂಕಲಿನಿಂದ ಬಡಗಲಿಗೆ ಹಾದುಹೋಗುವುದನ್ನೂ, ಚಿನ್ನ ದೊರೆಯುವುದು ಬಹುಮಟ್ಟಿಗೆ ಈ ಸಾಲುಗಳಲ್ಲಿಯೇ ಎಂಬುದನ್ನೂ ಕಂಡುಕೊಂಡರು. ಇವುಗಳಿಗೆಲ್ಲ ಒಟ್ಟಾಗಿ ಧಾರವಾಡ ಶಿಲಾವರ್ಗವೆಂದು ಹೆಸರಿಟ್ಟವರು ಅವರೇ. ಒಂದೊಂದು ಸಾಲಿಗೂ ಬೇರೆ ಬೇರೆ ಹೆಸರನ್ನು ಕೊಟ್ಟರು. ಚಿತ್ರದುರ್ಗದ ಮೇಲೆ ಹಾಯುವ ಸಾಲು ಡಂಬಳ-ಚಿಕ್ಕನಾಯಕನಹಳ್ಳಿಯ ಸಾಲಾಯಿತು. ಮೂಡಲಿನ ಇನ್ನೊಂದು ಸಾಲಿಗೆ ಪೆನ್ನಾರು-ಹಗರಿಯ ಹೆಸರು ಬಂದಿತು. ಈ ಹಗರಿಯೇ ಚಳ್ಳಕೆರೆ ಸೀಮೆಯಲ್ಲಿ ಹರಿಯುವ ನಮ್ಮ ವೇದಾವತಿ. ಬಳ್ಳಾರಿ ಜಿಲ್ಲೆಯನ್ನು ಕುರಿತ ಅವರ ದೊಡ್ಡ ಗ್ರಂಥವು ೧೮೯೫ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಅವರು ಸರ್ಕಾರದ ಕೆಲಸದಿಂದ ನಿವೃತ್ತರಾಗಿ, ಕೆಲವು ಕಾಲ ಬರೋಡಾ ಸಂಸ್ಥಾನದಲ್ಲಿದ್ದು, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ೧೮೯೪ರಲ್ಲಿ ಹೊಸದಾಗಿ ಸ್ಥಾಪಿತವಾದ ಮೈಸೂರಿನ ಭೂಗರ್ಭಶಾಸ್ತ್ರ ಇಲಾಖೆಗೆ ಮುಖ್ಯಸ್ಥರಾಗಿ ಬಂದಿದ್ದರು. ಆಗ ಅವರಿಗೆ ಅರುವತ್ತು ವಯಸ್ಸು.

ಇನ್ನು ಒಂದು ವಿವಾದದ ಸಂಗತಿ. ನಾಡಿನ ತಳದಲ್ಲಿ ನೈಸೆಂಬ ಬೂದುಬಣ್ಣದ ಗಟ್ಟಿಶಿಲೆ ಹರಡಿದೆ. ಅದು ಹಳೆಯದು, ಸವೆದುಹೋದ ಅದರ ಮೈಮೇಲೆ ಧಾರವಾಡದ ಪದರುಗಳು ಆಮೇಲೆ ಬಂದು ಕುಳಿತವು, ನೆಲ ಮಡಿಸಿದಾಗ ಮಡಿಕೆಗಳಲ್ಲಿ ಸಿಕ್ಕಿಕೊಂಡ ಭಾಗಗಳು ಮಾತ್ರ ಸಾಲುಗಳಾಗಿ ಉಳಿದವು ಎಂಬುದು ಫುಟ್ ಸಾಹೇಬರ ಮತ. ಅವರ ತರುವಾಯ ಇಲಾಖೆಗೆ ಬಂದ ಸ್ಮೀತ್ ಸಾಹೇಬರು ಇದನ್ನು ತಲೆಕೆಳಗುಮಾಡಿದರು. ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ನೈಸು ಕರಗಿದ ರಸವಾಗಿ ಆಮೇಲೆ ಅವುಗಳೊಳಗೆ ನುಗ್ಗಿತು ಎಂದರು. ಸ್ಥಾಪಕರ ಮತವನ್ನು ಅವರ ಇಲಾಖೆಯೇ ಕೈಬಿಟ್ಟು, ಎರಡು ತಲೆಮಾರುಗಳವರೆಗೆ ಸ್ಮೀತರ ಮತವೇ ನಡೆಯಿತು. ಕಲ್ಲಿನ ವಯಸ್ಸನ್ನು ಎಣಿಸುವ ವಿದ್ಯೆ ಬಂದ ಮೇಲೆ ಪಶ್ಚಿಮದ ನೈಸು ೩೦೦ ಕೋಟಿ ವರ್ಷಗಳಿಗೂ ಹಳೆಯದೆಂದೂ, ಧಾರವಾಡದ ಮುಖ್ಯ ಪದರುಗಳು ಸುಮಾರು ೨೯೦ರಿಂದ ೨೬೦ ಕೋಟಿ ವರ್ಷಗಳ ಹಿಂದಿನವೆಂದೂ ತಿಳಿಯಿತು. ನೈಸಿಗಿಂತ ಹಳೆಯವಾದ ಪದರಶಿಲೆಯ ತುಣುಕುಗಳೂ ಅಲ್ಲಲ್ಲಿ ಇರುವುದರಿಂದ ಸ್ಮೀತರು ಬರಿಯ ಭ್ರಮೆಗೆ ಒಳಗಾದರೆಂದು ಹೇಳಲಾಗದು. ಆದರೆ ಬಹುಭಾಗದಲ್ಲಿ ಜಯ ಫುಟ್ ಸಾಹೇಬರದೇ. ಅದನ್ನು ನೋಡಲು ಅವರಿರಲಿಲ್ಲ.

ಅವರು ಊಹಿಸಲಾರದಿದ್ದ ಇನ್ನೊಂದು ವಿಷಯವೂ ಇದೆ. ಕಬ್ಬಿಣದ ಗುಡ್ಡಗಳ ಬಳಿ ದಿಕ್ಸೂಚಿಯ ಮುಳ್ಳು ದಾರಿತಪ್ಪುವುದು ಭೂಗರ್ಭಶಾಸ್ತ್ರಜ್ಞರಿಗೆ ಹಳೆಯ ಪೀಡೆ. ಈಗ ಆ ಪೀಡೆಯೇ ಸಾಧನವಾಗಿದೆ. ಸಮುದ್ರದ ನಡುವಣ ಬಿರುಕುಗಳಲ್ಲಿ ಮೇಲೆದ್ದ ಲಾವಾರಸವು ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಆಗಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಕಾಂತವು ಎಷ್ಟೋ ಸಲ ಬಡಗಲು ತೆಂಕಲಾಗಿ ತಿರುಗಿಬಿದ್ದಿರುವುದರಿಂದ ಸಮುದ್ರದ ನೆಲದಲ್ಲಿ ಪಟ್ಟೆಪಟ್ಟೆಗಳು ಮೂಡಿವೆ. ಇದನ್ನು ೧೯೬೩ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ಎಂಬ ಇಂಗ್ಲಿಷ್ ವಿದ್ವಾಂಸರು ವಿವರಿಸಿದರು. ಆದರೆ ಸಮುದ್ರದ ನೆಲ ಕಾಲಕ್ರಮದಲ್ಲಿ ಭೂಖಂಡಗಳ ಅಡಿಗೆ ಮುಳುಗಿಹೋಗುತ್ತದೆ. ಸುಮಾರು ೨೦ ಕೋಟಿ ವರ್ಷಗಳಿಗಿಂತ ಹಳೆಯ ನೆಲ ಇಂದಿನ ಮಹಾಸಾಗರಗಳಲ್ಲಿ ಹೆಚ್ಚುಕಡಮೆ ಇಲ್ಲವೆಂದೇ ಹೇಳಬೇಕು. ಅದಕ್ಕಿಂತ ಹಿಂದಿನ ಕಡಲುಗಳ ಕುರುಹನ್ನು ಹುಡುಕುವವರು ಚಿತ್ರದುರ್ಗದಂಥ ಒಣನೆಲಕ್ಕೇ ಬರಬೇಕು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತಿರುವ ಲಾವಾಶಿಲೆಗಳಿವೆ; ಲಾವಾರಸ ನೀರಿನೊಳಗೆ ಹೆಪ್ಪುಗಟ್ಟಿದರೆ ಮಾತ್ರ ಆ ಆಕಾರ ಬರುವುದು.

ಕಾವಿನಿಂದಲೂ ಒತ್ತಡದಿಂದಲೂ ಇಲ್ಲಿಯ ಪುರಾತನ ಪಟ್ಟೆಗಳು ಅಳಿಸಿಹೋಗಿವೆ. ಆದರೆ ಕಾಂತಗುಣವುಳ್ಳ ಕಬ್ಬಿಣದ ಪದರುಗಳು ಮಾತ್ರ ಇಂದಿಗೂ ಮುಳ್ಳನ್ನು ಸೆಳೆಯುತ್ತವೆ. ವಿಮಾನದಲ್ಲಿ ಯಂತ್ರವನ್ನಿಟ್ಟು ಆ ಸೆಳೆತವನ್ನು ಅಳೆದು ನಕ್ಷೆಗಳನ್ನು ಮಾಡಿದ್ದಾರೆ. ಹೊಲದ ಮಣ್ಣಿನ ಅಡಿಯಲ್ಲಿ ಮರೆಯಾದ ಸಾಲುಗಳೂ ಮುರುಕುಗಳೂ ಅವುಗಳಲ್ಲಿ ತೋರುತ್ತವೆ. ಚಿತ್ರದುರ್ಗಕ್ಕೂ ಚಳ್ಳಕೆರೆಗೂ ನಡುವೆ, ಫುಟ್ ಸಾಹೇಬರು ಹೆಸರಿಟ್ಟ ಸಾಲಿನ ಮೂಡಣ ಅಂಚಿನಲ್ಲಿ, ನೆಲ ಆಳಕ್ಕೆ ಸೀಳಿ ಜಾರಿದ ದೊಡ್ಡ ಗೆರೆಯೊಂದಿದೆ. ಪಶ್ಚಿಮದ ಹಳೆಯ ಭೂಭಾಗವೂ ಪೂರ್ವದ ಭೂಭಾಗವೂ ನಡುವಣ ಕಡಲು ಮುಚ್ಚಿ ಡಿಕ್ಕಿಹೊಡೆದು ಬೆಸೆದುಕೊಂಡ ಜಾಗ ಇದೇ ಎಂಬುದು ಅನೇಕ ವಿದ್ವಾಂಸರ ಮತ, ಒಪ್ಪದವರೂ ಇದ್ದಾರೆ. ಮೊಳಕಾಲ್ಮೂರಿನ ಕಡೆಯ ಗುಂಡುಬಂಡೆಗಳ ಗ್ರಾನೈಟು ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ, ಈ ಗದ್ದಲದ ಕೊನೆಗಾಲದಲ್ಲಿ, ಆಳದಿಂದ ಮೇಲೆದ್ದುದು.

ಫುಟ್ ಸಾಹೇಬರು ತಮ್ಮ ಕಡೆಗಾಲವನ್ನು ಸೇಲಂ ಜಿಲ್ಲೆಯ ಏರ್ಕಾಡು ಬೆಟ್ಟದಲ್ಲಿ ಕಳೆದರು. ನಾಲ್ಕು ದಶಕಗಳ ಕಾಲ ಕೂಡಿಸಿದ ಕಲ್ಲಿನ ಆಯುಧಗಳೂ ಮಡಕೆಚೂರುಗಳೂ ೧೯೦೪ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿದುವು. ಅವುಗಳ ವಿವರವಾದ ಪಟ್ಟಿಯನ್ನು ಬರೆಯುವ ಕೆಲಸವನ್ನು ಮುಪ್ಪಿನಲ್ಲಿಯೂ ಬಿಡಲಿಲ್ಲ. ೧೯೧೨ನೆಯ ಡಿಸೆಂಬರ್ ೨೯ರಂದು ಕಲ್ಕತ್ತೆಯಲ್ಲಿ ಮರಣಹೊಂದಿದರು. ಅವರ ಚಿತಾಭಸ್ಮವನ್ನು ಏರ್ಕಾಡಿನ ದೇವಾಲಯಕ್ಕೆ ತಂದು ಇರಿಸಿದರು. ಪಟ್ಟಿಯ ಪುಸ್ತಕವು ೧೯೧೪ರಲ್ಲಿಯೂ ಅದರ ಟಿಪ್ಪಣಿಗಳು ೧೯೧೬ರಲ್ಲಿಯೂ ಅಚ್ಚಾಗಿ ಹೊರಬಂದುವು.