ತೇನ್‌ಸಿಂಗ್ ಮೇಷ್ಟ್ರು

ತೇನ್‌ಸಿಂಗ್ ನೋರ್ಗೆ ಅನ್ನೋ ಹೆಸರು ನಮಗೆಲ್ಲ ಗೊತ್ತಿರೋದು ಸ್ಕೂಲಿನ ಜಿಕೆ ಪುಸ್ತಕದಿಂದ. ಎವರೆಸ್ಟ್ ಮೊದಲು ಹತ್ತಿದವರು ಯಾರು? ಹಿಲರಿ ಮತ್ತು ತೇನ್‌ಸಿಂಗ್, 1953. ಒಂದು ಮಾರ್ಕು ಬಂತು, ಮುಂದಿನ ಪ್ರಶ್ನೆಗೆ ಹೋದ್ವಿ.

ಈಗ ಅವರ ಬಗ್ಗೆ ಬರೆಯೋಕೆ ಕಾರಣ ಇದೆ. ಈ ಸೆಮಿಸ್ಟರ್ ಮುಗಿದ ಮೇಲೆ ನಮ್ಮ ಐದು ಜನರ ಗುಂಪು ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಎಚ್‌ಎಂಐನಲ್ಲಿ, ಬೇಸಿಕ್ ಕೋರ್ಸ್‌ಗೆ ಹೊರಟಿದೆ. ಕುಮಾರ ಪರ್ವತ, ಸಾವನದುರ್ಗ ಹತ್ತಿರೋ ಕಾಲುಗಳೇ ನಮ್ಮದು. ಹಿಮ ನೋಡಿರೋದು ಫ್ರಿಜ್‌ನಲ್ಲಿ ಮಾತ್ರ. ತಯಾರಿ ಹೇಗೆ ಮಾಡೋದು ಅಂತ ಓದ್ತಾ ಹೋದಾಗ ಮತ್ತೆ ಮತ್ತೆ ಸಿಕ್ಕಿದ್ದು ಇದೇ ಹೆಸರು. ಆ ಸಂಸ್ಥೆಯಲ್ಲಿ ಫೀಲ್ಡ್ ಟ್ರೈನಿಂಗ್‌ನ ಮೊದಲ ಡೈರೆಕ್ಟರ್ ತೇನ್‌ಸಿಂಗ್. ಅವರು ಎವರೆಸ್ಟ್ ತುದಿಯಲ್ಲಿ ನಿಂತಿದ್ದು ಸುಮಾರು ಕಾಲು ಗಂಟೆ. ನಮ್ಮಂಥ ಏನೂ ಗೊತ್ತಿಲ್ಲದವರಿಗೆ ಹಗ್ಗ ಹಿಡಿಯೋದು ಕಲಿಸಿದ್ದು 22 ವರ್ಷ. ಜಿಕೆ ಪುಸ್ತಕದಲ್ಲಿ ಆ 22 ವರ್ಷದ ಸುದ್ದಿನೇ ಇಲ್ಲ.

ತೇನ್‌ಸಿಂಗ್ ಹುಟ್ಟಿದ್ದು 1914ರಲ್ಲಿ, ಬಡ ಶೆರ್ಪಾ ಕುಟುಂಬದಲ್ಲಿ. ಹದಿಮೂರು ಮಕ್ಕಳಲ್ಲಿ ಹನ್ನೊಂದನೆಯವರು. ಮೊದಲಿಟ್ಟ ಹೆಸರು ನಾಮ್‌ಗ್ಯಾಲ್ ವಾಂಗ್ಡಿ. ರೋಂಗ್‌ಬುಕ್ ಮಠದ ಲಾಮಾ ಹೇಳಿದ ಮೇಲೆ ಅದು ತೇನ್‌ಸಿಂಗ್ ನೋರ್ಗೆ ಆಯ್ತು. ಹುಟ್ಟಿದ ದಿನಾಂಕ ಯಾರೂ ಬರೆದಿಟ್ಟಿರಲಿಲ್ಲ. ಎವರೆಸ್ಟ್ ಹತ್ತಿದ ಮೇಲೆ ಮೇ 29ನ್ನೇ ತಮ್ಮ ಹುಟ್ಟುಹಬ್ಬ ಅಂತ ಇಟ್ಟುಕೊಂಡರು. ಶಾಲೆಗೆ ಹೋಗಲಿಲ್ಲ. ಯಾಕ್ ಮೇಯಿಸ್ತಾ ಬೆಳೆದರು. ಮೇಯಿಸೋ ಜಾಗದಿಂದ ಕಾಣ್ತಾ ಇದ್ದ ಆ ದೊಡ್ಡ ಬೆಟ್ಟಕ್ಕೆ ಅವರ ಜನ ಕರೆಯೋದು ಚೊಮೊಲುಂಗ್ಮಾ ಅಂತ.

1932ರ ಕೊನೆಗೆ, ಹದಿನೆಂಟರ ವಯಸ್ಸಿನಲ್ಲಿ, ಮನೆ ಬಿಟ್ಟು ಡಾರ್ಜಿಲಿಂಗ್‌ಗೆ ಬಂದರು. ಆಗ ಎವರೆಸ್ಟ್‌ಗೆ ಹೋಗೋ ತಂಡಗಳೆಲ್ಲ ಅಲ್ಲಿಂದಲೇ ಕೂಲಿಗಳನ್ನ ಆರಿಸಿಕೊಳ್ತಾ ಇದ್ದವು. ತೇನ್‌ಸಿಂಗ್ ಹಸು ನೋಡಿಕೊಂಡು, ಹಾಲು ಮಾರಿಕೊಂಡು ಕಾಯ್ತಾ ಇದ್ದರು. 1933ರ ತಂಡ ಇವರನ್ನ ತೆಗೆದುಕೊಳ್ಳಲಿಲ್ಲ. ಹಿಂದೆ ಬೆಟ್ಟಕ್ಕೆ ಹೋಗಿದ್ದಕ್ಕೆ ಸರ್ಟಿಫಿಕೇಟ್ ಬೇಕಿತ್ತು, ಬೆಟ್ಟಕ್ಕೆ ಹೋಗದೆ ಸರ್ಟಿಫಿಕೇಟ್ ಸಿಗ್ತಾ ಇರಲಿಲ್ಲ. ಫ್ರೆಶರ್‌ಗೆ ಎರಡು ವರ್ಷ ಅನುಭವ ಕೇಳೋ ಕಂಪನಿಗಳ ಕಥೆ ನಮ್ಮ ಕಾಲದ್ದು ಮಾತ್ರ ಅಲ್ಲ, ನೋಡಿ.

1935ರಲ್ಲಿ ಎರಿಕ್ ಶಿಪ್ಟನ್ ಅನ್ನೋ ಇಂಗ್ಲಿಷ್ ಪರ್ವತಾರೋಹಿ ಕೊನೆ ಗಳಿಗೆಯಲ್ಲಿ ಇವರನ್ನ ಸೇರಿಸಿಕೊಂಡರು. ಆರಿಸೋಕೆ ಮುಖ್ಯ ಕಾರಣ ಆ ಹುಡುಗನ ನಗು. ಹಾಗೆ ಶುರುವಾಯ್ತು. 1936ರಲ್ಲಿ ಮತ್ತೆ ಎವರೆಸ್ಟ್, 1938ರಲ್ಲಿ ಮತ್ತೆ. 1938ರಲ್ಲಿ 27,000 ಅಡಿ ದಾಟಿ ಸಾಮಾನು ಹೊತ್ತು ಬಂದಿದ್ದಕ್ಕೆ ಹಿಮಾಲಯನ್ ಕ್ಲಬ್‌ನ ಟೈಗರ್ ಪದಕ ಸಿಕ್ತು. ಆ ಕಾಲದ ಲೆಕ್ಕದಲ್ಲಿ ಶೆರ್ಪಾ ಅಂದ್ರೆ ಹೊರೋನು, ಸಾಹೇಬ ಅಂದ್ರೆ ಹತ್ತೋನು. ಇಬ್ಬರೂ ನಡೆಯೋದು ಅದೇ ಹಿಮದ ಮೇಲೆ, ಶೆರ್ಪಾ ಬೆನ್ನ ಮೇಲೆ ಭಾರ ಜಾಸ್ತಿ ಬೇರೆ. ಹೆಸರು ಮಾತ್ರ ಒಬ್ಬರಿಗೆ. ತೇನ್‌ಸಿಂಗ್‌ಗೆ ಕೂಲಿ ಬೇಕಿತ್ತು, ಜೊತೆಗೆ ತುದಿಯೂ ಬೇಕಿತ್ತು. ಅವರ ಇಡೀ ಜೀವನ ಈ ಎರಡನೇ ಆಸೆಯ ಕಥೆ.

ಯುದ್ಧದ ವರ್ಷಗಳಲ್ಲಿ ಪರ್ವತಾರೋಹಣ ನಿಂತುಹೋಯ್ತು. ತೇನ್‌ಸಿಂಗ್ ಚಿತ್ರಾಲ್‌ನಲ್ಲಿ ಒಬ್ಬ ಸೇನಾಧಿಕಾರಿಯ ಹತ್ತಿರ ಕೆಲಸಕ್ಕಿದ್ದರು. ಪುಟ್ಟ ಮಗ 1939ರಲ್ಲೇ ತೀರಿಕೊಂಡಿದ್ದ. 1944ರಲ್ಲಿ ಹೆಂಡತಿ ದಾವಾ ಫುಟಿಯೂ ಹೋದರು. ಇಬ್ಬರು ಚಿಕ್ಕ ಹೆಣ್ಣುಮಕ್ಕಳನ್ನ ಕರೆದುಕೊಂಡು ಡಾರ್ಜಿಲಿಂಗ್‌ಗೆ ವಾಪಸ್ ಬಂದು ಮತ್ತೆ ಮೊದಲಿಂದ ಶುರು ಮಾಡಿದರು. 1947ರಲ್ಲಿ ಸ್ವಿಸ್ ತಂಡದ ಜೊತೆ ಗಢ್ವಾಲ್‌ನ ಕೇದಾರನಾಥ ಶಿಖರ, 1951ರಲ್ಲಿ ಫ್ರೆಂಚ್ ತಂಡದ ಜೊತೆ ನಂದಾದೇವಿ ಪೂರ್ವ ಶಿಖರ ಹತ್ತಿದರು. ತಾನು ಹತ್ತಿದ್ದರಲ್ಲಿ ಅತಿ ಕಷ್ಟದ್ದು ನಂದಾದೇವಿ ಪೂರ್ವ ಅಂತ ಅವರೇ ಹೇಳ್ತಾ ಇದ್ದರಂತೆ. ಎವರೆಸ್ಟ್ ಅಲ್ಲ!

1952ರಲ್ಲಿ ಸ್ವಿಸ್ ತಂಡ ಎವರೆಸ್ಟ್‌ಗೆ ಬಂದಾಗ ತೇನ್‌ಸಿಂಗ್ ಶೆರ್ಪಾಗಳ ಸರ್ದಾರ್ ಆಗಿದ್ದರು, ಜೊತೆಗೆ ಮೊದಲ ಸಲ ಹತ್ತೋ ತಂಡದ ಪೂರ್ತಿ ಸದಸ್ಯ ಕೂಡ. ಅವರ ಜೋಡಿ ರೇಮಂಡ್ ಲ್ಯಾಂಬರ್ಟ್. ಹಿಂದೊಮ್ಮೆ ಹಿಮಕಚ್ಚಿಗೆ ಕಾಲ್ಬೆರಳೆಲ್ಲ ಕಳಕೊಂಡಿದ್ದ ಮನುಷ್ಯ. ಇಬ್ಬರಿಗೂ ಸಾಮಾನ್ಯವಾದ ಭಾಷೆ ಇಲ್ಲ. ಸನ್ನೆ, ನಗು, ಅಷ್ಟೇ. ಸುಮಾರು 8,400 ಮೀಟರ್ ಎತ್ತರದಲ್ಲಿ ಸ್ಲೀಪಿಂಗ್ ಬ್ಯಾಗ್ ಇಲ್ಲದೆ, ಸ್ಟವ್ ಇಲ್ಲದೆ ಒಂದು ರಾತ್ರಿ ಕಳೆದರು. ಮೇಣದಬತ್ತಿ ಮೇಲೆ ಹಿಮ ಕರಗಿಸಿ ನೀರು ಮಾಡಿಕೊಂಡರು. ಮರುದಿನ 8,600 ಮೀಟರ್ ಹತ್ತಿರ ಹೋಗಿ ನಿಂತರು. ಅಷ್ಟು ಎತ್ತರಕ್ಕೆ ಅಲ್ಲಿಯವರೆಗೆ ಬೇರೆ ಯಾರೂ ಹೋಗಿದ್ದು ದಾಖಲಾಗಿರಲಿಲ್ಲ. ಮುಂದೆ ಹೋದರೆ ಇಳಿಯೋಕೆ ಶಕ್ತಿ ಉಳಿಯಲ್ಲ ಅಂತ ಗೊತ್ತಾಗಿ ವಾಪಸ್ ತಿರುಗಿದರು. ಅದೇ ವರ್ಷ ಚಳಿಗಾಲದ ಮುಂಚೆ ಇನ್ನೊಂದು ಪ್ರಯತ್ನ ಮಾಡಿದರು, ಗಾಳಿ ಬಿಡಲಿಲ್ಲ.

ಇಲ್ಲಿಂದ ಮುಂದಿನ ಭಾಗ ಕೋರ್ಸ್‌ಗೆ ಹೋಗೋರು ಸರಿಯಾಗಿ ಓದ್ಕೊಳ್ಳಿ. ಆ ಎರಡು ಯಾತ್ರೆಯಿಂದ ತೇನ್‌ಸಿಂಗ್ ಹಣ್ಣಾಗಿದ್ದರು. ಮಲೇರಿಯಾ ಬಂದು ಪಾಟ್ನಾದಲ್ಲಿ ಆಸ್ಪತ್ರೆ ಸೇರಿದ್ದರು, ತೂಕ ಇಳಿದಿತ್ತು. ಬ್ರಿಟಿಷ್ ತಂಡ 1953ಕ್ಕೆ ಕರೆದಾಗ ವಯಸ್ಸು 38. ಇಪ್ಪತ್ತು ವರ್ಷದ ಅನುಭವ ಇದ್ದ ಆ ಮನುಷ್ಯ ಏನು ಮಾಡಿದರು ಗೊತ್ತಾ? ಬೆಳಿಗ್ಗೆ ಬೇಗ ಎದ್ದು, ಬ್ಯಾಗಿಗೆ ಕಲ್ಲು ತುಂಬಿಕೊಂಡು, ಡಾರ್ಜಿಲಿಂಗ್ ಗುಡ್ಡ ಹತ್ತಿ ಇಳಿದರು. ಸಿಗರೇಟು, ಕುಡಿತ ಎರಡೂ ಬಿಟ್ಟರು. ಪ್ರತಿ ಯಾತ್ರೆಗೆ ಮುಂಚೆಯೂ ಅವರ ತಯಾರಿ ಇದೇ.

ಕಠ್ಮಂಡುವಿನಲ್ಲಿ ಬ್ರಿಟಿಷ್ ರಾಯಭಾರ ಕಚೇರಿ ಶೆರ್ಪಾಗಳನ್ನ ಮಲಗಿಸಿದ್ದು ಹಿಂದೆ ಕುದುರೆ ಲಾಯವಾಗಿದ್ದ ಗ್ಯಾರೇಜಿನಲ್ಲಿ, ಶೌಚಾಲಯ ಕೂಡ ಇಲ್ಲದ ಕಡೆ. ಶೆರ್ಪಾಗಳು ಸಿಟ್ಟಾದರು. ಆ ಸಿಟ್ಟನ್ನೂ ತಂಡವನ್ನೂ ಒಟ್ಟಿಗೆ ಸಂಭಾಳಿಸೋ ಕೆಲಸ ಸರ್ದಾರ್ ಆಗಿದ್ದ ತೇನ್‌ಸಿಂಗ್ ತಲೆ ಮೇಲೆ ಬಿತ್ತು.

ನಂತರ ಖುಂಬು ಹಿಮಪಾತದಲ್ಲಿ ಒಂದು ಘಟನೆ ನಡೀತು. ಎಡ್ಮಂಡ್ ಹಿಲರಿ ಒಂದು ಬಿರುಕು ಹಾರೋಕೆ ಹೋದರು, ಅಂಚು ಕುಸಿದು ಒಳಗೆ ಬಿದ್ದರು. ಅದೇ ಹಗ್ಗದಲ್ಲಿದ್ದ ತೇನ್‌ಸಿಂಗ್ ತಕ್ಷಣ ಐಸ್ ಆಕ್ಸ್ ಹಿಮಕ್ಕೆ ಹೊಡೆದು, ಹಗ್ಗವನ್ನ ಅದಕ್ಕೆ ಸುತ್ತಿ ನಿಲ್ಲಿಸಿದರು. ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಬೆಲ್ಟ್ ಫ್ರಿಕ್ಷನ್ ಚಾಪ್ಟರ್ ನೆನಪಿದೆಯಾ? ಘರ್ಷಣೆಯ ಗುಣಾಂಕ 0.3 ಅಂತ ಹಿಡಿದರೆ, ಒಂದು ಪೂರ್ತಿ ಸುತ್ತಿಗೆ ಎಳೆತದ ಅನುಪಾತ ಸುಮಾರು 6.6 ಪಟ್ಟು ಬರುತ್ತೆ. ಅಂದ್ರೆ ಕೈಯಲ್ಲಿ 12 ಕಿಲೋದಷ್ಟು ಬಲ ಹಾಕಿದರೆ ಆ ಕಡೆ 80 ಕಿಲೋ ಮನುಷ್ಯ ನಿಲ್ತಾನೆ. ನಾವು ಅದನ್ನ ಎಂಟು ಮಾರ್ಕಿಗೆ ಬರೆದ್ವಿ. ಓದು ಬರಹ ಬಾರದ ತೇನ್‌ಸಿಂಗ್‌ಗೆ ಅದು ಕೈಯಲ್ಲೇ ಇತ್ತು, ಅದೂ ಯೋಚಿಸೋಕೆ ಒಂದು ಸೆಕೆಂಡೂ ಇಲ್ಲದಾಗ. ಐಸ್ ಆಕ್ಸ್‌ಗೆ ಹಗ್ಗ ಸುತ್ತಿ ಬೀಳೋರನ್ನ ಹಿಡಿಯೋ ಇದೇ ವಿದ್ಯೆಗೆ ಬಿಲೇ ಅಂತಾರೆ. ಬೇಸಿಕ್ ಕೋರ್ಸ್‌ನ ಜೀವಾಳವೇ ಅದು. ಹಿಲರಿ ಈ ಘಟನೆ ಆದ ಮೇಲೆ ತೇನ್‌ಸಿಂಗ್‌ರನ್ನೇ ಜೋಡಿಯಾಗಿ ಬಯಸಿದರು.

ಮೇ 26ರಂದು ತಂಡದ ಮೊದಲ ಜೋಡಿ, ಬೋರ್ಡಿಲ್ಲನ್ ಮತ್ತು ಇವಾನ್ಸ್, ದಕ್ಷಿಣ ಶಿಖರದವರೆಗೆ ಹೋಗಿ ವಾಪಸ್ ಬಂದರು. ಎರಡನೇ ಜೋಡಿ 8,500 ಮೀಟರ್‌ನಲ್ಲಿ ರಾತ್ರಿ ಕಳೆಯಿತು. ಟೆಂಟ್ ಒಳಗೇ ಮೈನಸ್ 27 ಡಿಗ್ರಿ. ಹಿಲರಿ ಬೂಟು ಬಿಚ್ಚಿ ಮಲಗಿದ್ದರು. ಬೆಳಿಗ್ಗೆ ಅದು ಕಲ್ಲಾಗಿತ್ತು, ಸ್ಟವ್ ಮೇಲೆ ಕಾಯಿಸಿ ಮೆತ್ತಗೆ ಮಾಡಬೇಕಾಯ್ತು. ತೇನ್‌ಸಿಂಗ್ ಬೂಟು ಬಿಚ್ಚಿರಲಿಲ್ಲ. ಆರೂವರೆಗೆ ಹೊರಟು, ಬೆನ್ನ ಮೇಲೆ ಸುಮಾರು 14 ಕಿಲೋ ಆಕ್ಸಿಜನ್ ಸೆಟ್ ಹೊತ್ತು, 1953ರ ಮೇ 29ರಂದು ಹನ್ನೊಂದೂವರೆಗೆ ತುದಿ ಮುಟ್ಟಿದರು. ತೇನ್‌ಸಿಂಗ್‌ಗೆ ಅದು ಎವರೆಸ್ಟ್‌ನಲ್ಲಿ ಏಳನೇ ಯಾತ್ರೆ. ಕತ್ತಿನಲ್ಲಿ ಲ್ಯಾಂಬರ್ಟ್ ಕೊಟ್ಟಿದ್ದ ಕೆಂಪು ಸ್ಕಾರ್ಫ್ ಇತ್ತು. ಹಿಮ ತೋಡಿ ಸಿಹಿ ತಿಂಡಿ ಮತ್ತು ಮಗಳು ನೀಮಾ ಕೊಟ್ಟಿದ್ದ ಪೆನ್ಸಿಲ್ ಹೂತಿಟ್ಟರು.

ಕೆಳಗೆ ಬಂದ ಮೇಲೆ ಶುರುವಾಗಿದ್ದು ಬೇರೆ ತರಹದ ಬಿರುಗಾಳಿ. ಮೊದಲು ಕಾಲಿಟ್ಟವರು ಯಾರು? ತೇನ್‌ಸಿಂಗ್ ಭಾರತದವರಾ, ನೇಪಾಳದವರಾ? ಹಿಲರಿ ಮತ್ತು ತಂಡದ ನಾಯಕ ಜಾನ್ ಹಂಟ್‌ಗೆ ಸರ್ ಪದವಿ, ತೇನ್‌ಸಿಂಗ್‌ಗೆ ಜಾರ್ಜ್ ಮೆಡಲ್. ಒಟ್ಟಿಗೆ ಮುಟ್ಟಿದ್ವಿ ಅಂತ ಇಬ್ಬರೂ ಹೇಳ್ತಾ ಬಂದರು. ಕೊನೆಗೆ 1955ರ ಆತ್ಮಕಥೆಯಲ್ಲಿ ತೇನ್‌ಸಿಂಗ್ ಸ್ವತಃ, ಹಗ್ಗದಲ್ಲಿ ಮುಂದೆ ಇದ್ದವರು ಹಿಲರಿ, ಒಂದೆರಡು ಹೆಜ್ಜೆ ಹಿಂದೆ ತಾನು ಅಂತ ತಿಳಿಸಿದರು. ಸುಳ್ಳು ಹೇಳಿದ್ದರೆ ಇಲ್ಲಿ ಎಷ್ಟೋ ಜನ ಖುಷಿಯಾಗ್ತಿದ್ದರು. ನಿಜ ಹೇಳೋಕೂ ಧೈರ್ಯ ಬೇಕಿತ್ತು.

1954ರ ನವೆಂಬರ್ 4ರಂದು ನೆಹರೂ ಮತ್ತು ಬಂಗಾಳದ ಮುಖ್ಯಮಂತ್ರಿ ಬಿ.ಸಿ. ರಾಯ್ ಆಸಕ್ತಿಯಿಂದ ಎಚ್‌ಎಂಐ ಶುರುವಾಯ್ತು. ಮೇಜರ್ ನಂದು ಜಯಾಲ್ ಮೊದಲ ಪ್ರಿನ್ಸಿಪಾಲ್. ಕಲಿಸೋ ಮೊದಲು ತೇನ್‌ಸಿಂಗ್ ಏನು ಮಾಡಿದರು? ಕೆಲವು ಶೆರ್ಪಾಗಳ ಜೊತೆ ಸ್ವಿಟ್ಜರ್‌ಲೆಂಡ್‌ಗೆ ಹೋಗಿ ಅರ್ನಾಲ್ಡ್ ಗ್ಲಾಟ್‌ಹಾರ್ಡ್ ಅವರ ಶಾಲೆಯಲ್ಲಿ ವಿದ್ಯಾರ್ಥಿಯಾಗಿ ಕೂತರು. ಎವರೆಸ್ಟ್ ಹತ್ತಿದವರು ಮತ್ತೆ ಗಂಟು ಹಾಕೋದು, ಬಂಡೆ ಮೇಲೆ ಕಾಲಿಡೋದು ಕಲಿತರು. ನಮಗೆ ಅವರ ಜೀವನದಲ್ಲಿ ಅತಿ ಇಷ್ಟವಾದ ಜಾಗ ಇದು. ಗೊತ್ತಿರೋದು ಬೇರೆ, ಕಲಿಸೋಕೆ ಬರೋದು ಬೇರೆ ಅಂತ ಅವರಿಗೆ ಅರ್ಥವಾಗಿತ್ತು. 1976ರಲ್ಲಿ ನಿವೃತ್ತಿ ಆಗೋವರೆಗೆ ಕಲಿಸಿದರು. ಅದೇ ಸಂಸ್ಥೆಯಲ್ಲಿ ಕಲಿಸ್ತಾ ಇದ್ದ ಅವರ ಸಂಬಂಧಿ ನವಾಂಗ್ ಗೊಂಬು 1963 ಮತ್ತು 1965ರಲ್ಲಿ ಎರಡು ಸಲ ಎವರೆಸ್ಟ್ ಹತ್ತಿದ ಮೊದಲ ಮನುಷ್ಯ ಆದರು. ತೇನ್‌ಸಿಂಗ್ 1986ರ ಮೇ 9ರಂದು ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡರು. ಸಂಸ್ಥೆಯ ಆವರಣದಲ್ಲೇ ಅವರ ಸ್ಮಾರಕ ಇದೆ. ಮಗ ಜಾಮ್ಲಿಂಗ್ 1996ರಲ್ಲಿ ಅದೇ ಬೆಟ್ಟ ಹತ್ತಿದರು.

ಇಂದಿಗೂ ಬೇಸಿಕ್ ಕೋರ್ಸ್ ಅಂದ್ರೆ 28 ದಿನ. ಡಾರ್ಜಿಲಿಂಗ್‌ನ ತೇನ್‌ಸಿಂಗ್ ಬಂಡೆ ಮೇಲೆ ಅಭ್ಯಾಸ, ಆಮೇಲೆ ಯುಕ್ಸಮ್‌ನಿಂದ ನಡೆದು ಸುಮಾರು 4,450 ಮೀಟರ್ ಎತ್ತರದ ಚೌರಿಖಾಂಗ್ ಕ್ಯಾಂಪ್, ರಾಥೊಂಗ್ ಹಿಮನದಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ಕ್ಕಿಂತ ಕಡಿಮೆ. ತುದಿಯ ಫೋಟೋಗೆ ಅಂತ ಹೋಗೋ ಕೋರ್ಸ್ ಅಲ್ಲ ಇದು. ಬಿದ್ದಾಗ ನಿಲ್ಲೋದು, ಪಕ್ಕದವನು ಬಿದ್ದಾಗ ಹಿಡಿಯೋದು ಕಲಿಯೋ ಕೋರ್ಸ್. ತಲೆನೋವು, ವಾಂತಿ ಬಂದರೆ ಮುಚ್ಚಿಡದೆ ಇನ್‌ಸ್ಟ್ರಕ್ಟರ್‌ಗೆ ಹೇಳಬೇಕು. ಎಷ್ಟೇ ಫಿಟ್ ಇದ್ದರೂ ಎತ್ತರ ಯಾರನ್ನೂ ಬಿಡಲ್ಲ. ಇಳೀರಿ ಅಂದಾಗ ಇಳೀಬೇಕು. ಆರು ಸಲ ತುದಿ ಮುಟ್ಟದೆ ಇಳಿದವರೇ ಏಳನೇ ಸಲ ಮುಟ್ಟಿದ್ದು.

ನಮ್ಮ ತಯಾರಿಯೂ ಅವರಿಂದಲೇ ಕದ್ದಿದ್ದು. ವಾರಕ್ಕೆ ನಾಲ್ಕು ದಿನ 5 ಕಿಲೋಮೀಟರ್ ಓಟ, ಎರಡು ದಿನ ಭಾರದ ಬ್ಯಾಗ್ ಹಾಕಿಕೊಂಡು ಹಾಸ್ಟೆಲ್ ಮೆಟ್ಟಿಲು, ರಾತ್ರಿ ಊಟ ಆದ ಮೇಲೆ ಎಂಟರ ಗಂಟು, ಬೌಲೈನ್, ಕ್ಲೋವ್ ಹಿಚ್ ಕಣ್ಣು ಮುಚ್ಚಿ ಹಾಕೋದು. ಮುಂದಿನ ಬ್ಯಾಚ್‌ಗೆ ಬರೋ ಆಸೆ ಇರೋರು ಬೆಳಿಗ್ಗೆ ಆರಕ್ಕೆ ಗ್ರೌಂಡ್ ಹತ್ತಿರ ಸಿಗಿ. ಖಾಲಿ ಬ್ಯಾಗ್ ತಂದರೆ ಸಾಕು, ಕಲ್ಲು ಅಲ್ಲೇ ಸಿಗುತ್ತೆ.